ವಿಳಾಸ ಒಂದೇ, ಮನೆ ಬೇರೆ

1988ರಲ್ಲಿ ಮೈಕ್ರೋಸಾಫ್ಟ್ ಸೇರಿದ ಡೇವ್ ಕಟ್ಲರ್ ತಮ್ಮ ತಂಡದೊಂದಿಗೆ ಕಟ್ಟಿದ ವಿಂಡೋಸ್ ಎನ್‌ಟಿ 1993ರಲ್ಲಿ ಹೊರಬಂತು. ಇಂದಿನ ವಿಂಡೋಸ್‌ನ ತಿರುಳಾದ ಕರ್ನಲ್ ಬೆಳೆದದ್ದು ಅದರಿಂದಲೇ. ಒಂದು ಪ್ರೊಸೆಸ್ (ಓಡುತ್ತಿರುವ ಪ್ರೋಗ್ರಾಂ) ಇನ್ನೊಂದರ ಮೆಮೊರಿಗೆ ಕೈ ಹಾಕದಂತೆ ಕಾಯುವ ಈ ಕರ್ನಲ್‌ಗೆ, ತಾನೇ ಅಲ್ಲಿಗೆ ಹೋಗಿ ಓದಬೇಕಾದ ಸಂದರ್ಭಗಳೂ ಬರುತ್ತವೆ. ಡೀಬಗರ್, ಆಂಟಿವೈರಸ್‌ಗಳಿಗೆ ಅದು ದಿನನಿತ್ಯದ ಅಗತ್ಯ.

ಬೆಂಗಳೂರಿನಲ್ಲಿ ಬರೀ ‘4ನೇ ಕ್ರಾಸ್, 12ನೇ ಮನೆ’ ಎಂದರೆ ಆಟೋದವರು ಯಾವ ಬಡಾವಣೆ ಎಂದು ಕೇಳುತ್ತಾರೆ. ಮೆಮೊರಿ ವಿಳಾಸವೂ ಹಾಗೆಯೇ. ಎರಡು ಪ್ರೊಸೆಸ್‌ಗಳಲ್ಲಿ ಒಂದೇ ವಿಳಾಸವಿದ್ದರೂ ಅದು ರ‍್ಯಾಮ್‌ನಲ್ಲಿ ತಲುಪುವ ಜಾಗ ಸಾಮಾನ್ಯವಾಗಿ ಬೇರೆಯೇ. ಯಾವುದು ಎಲ್ಲಿದೆ ಎಂದು ಹೇಳುವ ಪೇಜ್ ಟೇಬಲ್ ಪ್ರತಿ ಪ್ರೊಸೆಸ್‌ಗೂ ಪ್ರತ್ಯೇಕ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಸದ್ಯ ಯಾರ ಟೇಬಲ್ ಚಾಲ್ತಿಯಲ್ಲಿದೆ ಎಂಬುದು ಸಿಆರ್3 ಎಂಬ ರಿಜಿಸ್ಟರ್‌ನಲ್ಲಿರುತ್ತದೆ. ಕರ್ನಲ್ ಅದನ್ನು ಬದಲಿಸಿದರೆ ಸಾಕು, ಅದೇ ವಿಳಾಸ ಇನ್ನೊಬ್ಬರ ಮನೆ ಸೇರುತ್ತದೆ.

ಟೇಬಲ್ಲೇ ಬದಲಾದ ಮೇಲೆ ಕರ್ನಲ್‌ನ ಸ್ವಂತ ಕೋಡ್ ಕಾಣೆಯಾಗಬೇಕಲ್ಲವೇ? ಆಗುವುದಿಲ್ಲ. ವಿಳಾಸಗಳ ಮೇಲಿನ ಅರ್ಧ ಕರ್ನಲ್‌ನದು. ಅದರ ಬಹುಭಾಗ ಎಲ್ಲ ಪ್ರೊಸೆಸ್‌ಗಳಿಗೂ ಸಮಾನ. ಈ ವಿನ್ಯಾಸದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಾಣುವುದು ಇದೇ. ಆದರೆ ಓದಲು ಕೇಳಿದ ಪ್ರೊಸೆಸ್‌ನ ಬಫರ್ (ಓದಿದ್ದು ಸೇರಬೇಕಾದ ಜಾಗ) ಕೆಳಗಿನ ಅರ್ಧದಲ್ಲಿದೆ, ಅದು ಈಗ ಕಾಣುವುದಿಲ್ಲ. ಆದ್ದರಿಂದ ಕರ್ನಲ್ ಓದಿದ್ದನ್ನು ಮೊದಲು ತನ್ನ ಜಾಗದಲ್ಲಿ ಇಟ್ಟುಕೊಂಡು, ಹಳೆಯ ಟೇಬಲ್‌ಗೆ ಮರಳಿ, ಆಮೇಲೆ ಕೇಳಿದವರಿಗೆ ತಲುಪಿಸುತ್ತದೆ.

ಕಷ್ಟವಿರುವುದು ಓದುವುದರಲ್ಲಲ್ಲ, ಎಚ್ಚರದಲ್ಲಿ. ಬೇಕಾದ ಪುಟ (ಮೆಮೊರಿಯ ಒಂದು ತುಂಡು) ಡಿಸ್ಕ್‌ಗೆ ಹೋಗಿರಬಹುದು. ಅದು ಬರುವವರೆಗೆ ಕಾಯಬಹುದಾದ ಸ್ಥಿತಿಯಲ್ಲೇ ಈ ಕೆಲಸ ಮಾಡಬೇಕು. ನಡುವೆ ಆ ಪ್ರೊಸೆಸ್ ಮುಗಿದುಹೋಗಬಹುದು. ಸಾಮಾನ್ಯ ಪ್ರೋಗ್ರಾಂ ತಪ್ಪು ವಿಳಾಸ ಓದಿದರೆ ಅದೊಂದೇ ನಿಲ್ಲುತ್ತದೆ, ಕರ್ನಲ್‌ನೊಳಗೆ ಅದೇ ತಪ್ಪಾದರೆ ಇಡೀ ಯಂತ್ರವೇ ನಿಲ್ಲಬಹುದು. 2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದ್ದು, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ, ಕರ್ನಲ್‌ನೊಳಗೆ ಓಡುವ ಡ್ರೈವರ್ ತನ್ನ ಪಟ್ಟಿಯ ಎಲ್ಲೆ ಮೀರಿ ಓದಿದ್ದರಿಂದ.

ಸಾಮಾನ್ಯ ಪ್ರೋಗ್ರಾಂ ಇನ್ನೊಂದರ ಮೆಮೊರಿ ಓದಲು ಅನುಮತಿ ಪಡೆಯಬೇಕು. ಕರ್ನಲ್ ಡ್ರೈವರನ್ನು ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಪಾಸ್‌ವರ್ಡ್ ಕದಿಯುವವರಿಗೆ ಡ್ರೈವರ್ ಮೇಲೆ ಕಣ್ಣಿರುವುದೂ ಇದಕ್ಕೇ. ಅವರನ್ನು ತಡೆಯಲು 2015ರ ವಿಂಡೋಸ್ 10ರಲ್ಲಿ ಬಂದ ಕ್ರೆಡೆನ್ಶಿಯಲ್ ಗಾರ್ಡ್, ಲಾಗಿನ್ ರಹಸ್ಯಗಳನ್ನು, ಕರ್ನಲ್‌ಗಿಂತಲೂ ಹೆಚ್ಚಿನ ಅಧಿಕಾರವಿರುವ ಹೈಪರ್‌ವೈಸರ್‌ನ ಕಾವಲಿನಲ್ಲಿ ಬೇರೆಯಾಗಿ ಇಡುತ್ತದೆ. ಅಲ್ಲಿ ಕರ್ನಲ್ ಸಿಆರ್3 ಬದಲಿಸಿದರೂ ಆ ಪುಟಗಳು ಅದಕ್ಕೆ ಸಿಗುವುದಿಲ್ಲ.