ಡೇಟಾಬೇಸ್ ಸರ್ವರ್ ಪರವಾನಗಿ: ಕೋರ್‌ಗಳ ಲೆಕ್ಕ ಮೊದಲು, ಖರೀದಿ ನಂತರ

ಲೆಕ್ಕಪತ್ರ, ದಾಸ್ತಾನು ಹಾಗೂ ವೇತನದ ವಿವರಗಳನ್ನು ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ತಂತ್ರಾಂಶದಲ್ಲಿ ಇರಿಸಿರುವ ಉದ್ದಿಮೆದಾರರು, ಹಳೆಯ ಯಂತ್ರವನ್ನು ಬದಲಿಸುವ ಮುನ್ನ ಪರವಾನಗಿಯ ನಿಯಮಗಳನ್ನು ಅರಿತಿರುವುದು ಅವಶ್ಯಕ.

2008 ಆರ್2 ಆವೃತ್ತಿಯವರೆಗೆ ಪ್ರೊಸೆಸರ್ ಒಂದಕ್ಕೆ ಒಂದು ಪರವಾನಗಿ ಸಾಕಾಗುತ್ತಿತ್ತು. ಅದರೊಳಗಿನ ಕೋರ್‌ಗಳ ಸಂಖ್ಯೆ ಗಣನೆಗೆ ಬರುತ್ತಿರಲಿಲ್ಲ. 2012ರ ಆವೃತ್ತಿಯಿಂದ ಈ ಕ್ರಮ ಬದಲಾಯಿತು. ಯಂತ್ರದಲ್ಲಿರುವ ಪ್ರತಿಯೊಂದು ಕೋರ್‌ಗೂ ಪರವಾನಗಿ ಪಡೆಯಬೇಕು. ಪ್ರತಿ ಪ್ರೊಸೆಸರ್‌ಗೆ ಕನಿಷ್ಠ 4 ಕಡ್ಡಾಯ. ಇವು ಎರಡೆರಡು ಕೋರ್‌ಗಳ ಕಟ್ಟುಗಳಾಗಿ ಮಾರಾಟವಾಗುತ್ತವೆ. ತಲಾ 16 ಕೋರ್‌ಗಳ 2 ಪ್ರೊಸೆಸರ್‌ಗಳಿರುವ ಸರ್ವರ್‌ಗೆ ಹಿಂದಿನ ಕ್ರಮದಂತೆ 2 ಪರವಾನಗಿಗಳು ಸಾಕಿದ್ದರೆ, ಹೊಸ ಕ್ರಮದಂತೆ 16 ಕಟ್ಟುಗಳು ಬೇಕು. ಹೊಸ ಆವೃತ್ತಿಯನ್ನು ಕೊಂಡು ಹಳೆಯದನ್ನೇ ಬಳಸಲು ಅವಕಾಶವಿದೆಯಾದರೂ ಎಣಿಕೆ ಹೊಸ ನಿಯಮದಂತೆಯೇ ನಡೆಯುತ್ತದೆ.

ಬಳಕೆದಾರರು ಕಡಿಮೆಯಿರುವ ಸಂಸ್ಥೆಗಳಿಗೆ ಸ್ಟ್ಯಾಂಡರ್ಡ್ ಶ್ರೇಣಿಯಲ್ಲಿ ಮತ್ತೊಂದು ಮಾರ್ಗವಿದೆ: ಸರ್ವರ್‌ಗೆ ಒಂದು ಪರವಾನಗಿ, ಜೊತೆಗೆ ಪ್ರತಿ ಬಳಕೆದಾರನಿಗೆ ಅಥವಾ ಪ್ರತಿ ಗಣಕಕ್ಕೆ ಒಂದು ಪ್ರವೇಶ ಪರವಾನಗಿ. ಪಾಳಿಗಳಲ್ಲಿ ಹಲವರು ಒಂದೇ ಗಣಕವನ್ನು ಬಳಸುವ ಕಾರ್ಖಾನೆಗಳಿಗೆ ಗಣಕವಾರು ಪರವಾನಗಿ ಮಿತವ್ಯಯಕರ. ಹಳೆಯ ಆವೃತ್ತಿಯ ಪ್ರವೇಶ ಪರವಾನಗಿ ಹೊಸ ಆವೃತ್ತಿಯ ಸರ್ವರ್‌ಗೆ ಸಲ್ಲದು. ನಡುವೆ ಬೇರೊಂದು ತಂತ್ರಾಂಶವನ್ನಿರಿಸಿ ಸಂಪರ್ಕಗಳನ್ನು ಒಗ್ಗೂಡಿಸಿದರೂ ಬೇಕಾದ ಪರವಾನಗಿಗಳ ಸಂಖ್ಯೆ ತಗ್ಗದು.

ಆದುದರಿಂದ ಯಂತ್ರದ ದರಪಟ್ಟಿಯೊಡನೆ ಕೋರ್‌ಗಳ ಹಾಗೂ ಬಳಕೆದಾರರ ಸಂಖ್ಯೆಯನ್ನು ಮುಂದಿರಿಸಿಕೊಂಡು, ಎರಡೂ ಮಾರ್ಗಗಳ ವೆಚ್ಚವನ್ನು ಹೋಲಿಸಿದ ಬಳಿಕವೇ ಖರೀದಿ ಆದೇಶ ನೀಡುವುದು ಲೇಸು.