ಮಡೆನೂರಿನ ಹನ್ನೊಂದು ಬಾಯಿಗಳು

ಮಲೆನಾಡಿಗೆ ಮಳೆ ಕೈಕೊಟ್ಟ ವರ್ಷ, ಬೇಸಿಗೆ ಕಾವೇರುವ ಹೊತ್ತಿಗೆ ಸಾಗರದ ಕಡೆ ಒಂದು ಸುದ್ದಿ ಹಬ್ಬುತ್ತದೆ. ‘ಮಡೆನೂರು ಡ್ಯಾಮ್ ಕಾಣ್ತಿದೆಯಂತೆ!’ ಮುಂದಿನ ಭಾನುವಾರ ಬೈಕು, ಜೀಪುಗಳು ಶರಾವತಿ ಹಿನ್ನೀರಿನ ಬರಿದಾದ ಬಯಲಿಗೆ ಇಳಿಯುತ್ತವೆ. ಬಿರುಕು ಬಿಟ್ಟ ಕೆಸರು, ಅರ್ಧ ಶತಮಾನ ನೀರಲ್ಲಿದ್ದೂ ಕೊಳೆಯದ ಮರದ ಬೊಡ್ಡೆಗಳು, ಇವುಗಳ ನಡುವೆ ಉದ್ದಕ್ಕೆ ಮಲಗಿದ ಕಲ್ಲಿನ ಕಟ್ಟೆ. ಅದರ ಮೇಲೆ ನಿಂತು ಫೋಟೊ ತೆಗೆಸಿಕೊಂಡು, ಬುತ್ತಿ ಬಿಚ್ಚಿ ಉಂಡು ಜನ ವಾಪಸಾಗುತ್ತಾರೆ.

ನೋಡಬೇಕಾದದ್ದು ಕಟ್ಟೆಯನ್ನಲ್ಲ, ಅದಕ್ಕೆ ಅಂಟಿಕೊಂಡ ಸಾಲು ಗುಮ್ಮಟಗಳನ್ನು. ಒಟ್ಟು 11. ದೂರದಿಂದ ಯಾವುದೋ ಹಳೆಯ ಮಂಟಪಗಳಂತೆ ಕಾಣುತ್ತವೆ. ಹತ್ತಿರ ಹೋದರೆ ಪ್ರತಿ ಗುಮ್ಮಟದ ಕೆಳಗೂ ಆಲಿಕೆಯಂತೆ ಅಗಲವಾಗಿ ತೆರೆದು ಕೆಳಗೆ ಕಿರಿದಾಗುವ ಬಾಯಿ. ಇಣುಕುವವರು ಅಂಚು ಹಿಡಿದೇ ಇಣುಕಬೇಕು, ಅಷ್ಟು ದೊಡ್ಡದು. ಆಲಿಕೆಯ ಒಳಮೈಯಲ್ಲಿ ಶಂಖದ ಒಳಸುತ್ತಿನಂತೆ ಬಳುಕಿ ಇಳಿಯುವ ಏಣುಗಳಿವೆ. ಮೈಸೂರು ಸಂಸ್ಥಾನದ ಎಂಜಿನಿಯರ್ ವಿ. ಗಣೇಶ್ ಅಯ್ಯರ್ ಅವರ ತಲೆಯೆಲ್ಲ ಇರುವುದು ಆ ಏಣುಗಳಲ್ಲಿ.

ಅದಕ್ಕೆ ಮೊದಲು ಅಣೆಕಟ್ಟೆಯ ಕಥೆ. ದಾಖಲೆಗಳಲ್ಲಿ ಇದು ಹಿರೇಭಾಸ್ಕರ ಅಣೆಕಟ್ಟೆ, ಜನರ ಬಾಯಲ್ಲಿ ಮಡೆನೂರು ಡ್ಯಾಮ್. ಜೋಗದಲ್ಲಿ ಶರಾವತಿ ಧುಮುಕುವ ಎತ್ತರ 830 ಅಡಿ. ಆದರೆ ಮಳೆಗಾಲದಲ್ಲಿ ಬೋರ್ಗರೆಯುವ ಹೊಳೆ ಬೇಸಿಗೆಯಲ್ಲಿ ನೂಲಾಗುತ್ತದೆ. ವರ್ಷವಿಡೀ ಕರೆಂಟು ಬೇಕೆಂದರೆ ಮೇಲೆಲ್ಲೋ ನೀರು ಕೂಡಿಡಬೇಕು. ಅದಕ್ಕಾಗಿಯೇ 1939ರಲ್ಲಿ ಇಲ್ಲಿ ಕೆಲಸ ಶುರುವಾಯಿತು. ಅದೇ ವರ್ಷ ಎರಡನೇ ಮಹಾಯುದ್ಧವೂ ಶುರುವಾಯಿತು. ಯುದ್ಧ ಮುಗಿದು, ದೇಶ ಸ್ವತಂತ್ರವಾಗಿ, 1948ರಲ್ಲಿ ಜೋಗದ ವಿದ್ಯುದಾಗಾರ ಚಾಲೂ ಆಯಿತು. ಮೊದಲು ಅರಸರ ಹೆಸರು ಹೊತ್ತಿದ್ದ ಆ ಕೇಂದ್ರಕ್ಕೆ ಆಮೇಲೆ ಮಹಾತ್ಮ ಗಾಂಧಿ ಹೆಸರು ಬಂತು. ಎಲ್ಲ ಯಂತ್ರಗಳೂ ಕೂಡಿಕೊಂಡ ಮೇಲೆ ಅದರ ಸಾಮರ್ಥ್ಯ 120 ಮೆಗಾವಾಟ್.

ಈಗ ಗುಮ್ಮಟಗಳಿಗೆ ಬರೋಣ. ಯಾವ ಅಣೆಕಟ್ಟೆಗೂ ಇರುವ ದೊಡ್ಡ ಭಯ, ತುಂಬಿದ ಮೇಲೂ ಬರುವ ನೀರು. ಸಾಮಾನ್ಯವಾಗಿ ಅದಕ್ಕೆ ಗೇಟುಗಳಿರುತ್ತವೆ. ಗೇಟೆಂದರೆ ಚೈನು, ಮೋಟಾರು, ಗ್ರೀಸು, ನಡುರಾತ್ರಿಯ ಮಳೆಯಲ್ಲೂ ಎದ್ದು ಹೋಗಿ ಎತ್ತುವ ಮನುಷ್ಯ. ಮಡೆನೂರಿನಂಥ ಕಾಡುಕೊಂಪೆಯಲ್ಲಿ, ಆ ಕಾಲದಲ್ಲಿ, ಇದೆಲ್ಲ ಸಲೀಸಲ್ಲ. ಅಯ್ಯರ್ ಕೊಟ್ಟ ಉತ್ತರದಲ್ಲಿ ಅಲುಗಾಡುವ ಒಂದು ಭಾಗವೂ ಇಲ್ಲ.

ಬ್ಯಾರಲ್ಲಿನಿಂದ ಡೀಸೆಲ್ ಇಳಿಸುವುದನ್ನು ನೋಡಿದ್ದೀರಲ್ಲ? ಪೈಪಿನ ಒಂದು ತುದಿ ಒಳಗಿಟ್ಟು, ಇನ್ನೊಂದು ತುದಿಯನ್ನು ಬಾಯಿಂದ ಎಳೆದು ಕೆಳಗೆ ಬಿಟ್ಟರೆ ಆಯಿತು, ಮುಂದೆ ತಾನಾಗಿಯೇ ಹರಿಯುತ್ತದೆ. ಅದೇ ಸೈಫನ್. ಅಣೆಕಟ್ಟೆಯಲ್ಲಿ ಬಾಯಿ ಹಾಕಿ ಎಳೆಯುವವರು ಯಾರು ಎಂಬುದು ಪ್ರಶ್ನೆ. ಆ ಕೆಲಸವನ್ನು ಅಯ್ಯರ್ ಸುಳಿಗೆ ವಹಿಸಿದರು. ಜಲಾಶಯ ತುಂಬಿ ನೀರು ಆಲಿಕೆಯ ಅಂಚು ದಾಟಿದಾಗ, ಒಳಗಿನ ಏಣುಗಳು ಅದನ್ನು ನೆಟ್ಟಗೆ ಬೀಳಲು ಬಿಡದೆ ತಿರುಗಿಸುತ್ತವೆ. ಗಿರಗಿರನೆ ಇಳಿಯುವ ನೀರು ಗುಮ್ಮಟದೊಳಗಿನ ಗಾಳಿಯನ್ನು ತನ್ನೊಂದಿಗೆ ಎಳೆದೊಯ್ಯುತ್ತದೆ. ಒಳಗೆ ಗಾಳಿ ಕಡಿಮೆಯಾದಂತೆ ಹೊರಗಿನ ನೀರು ಇನ್ನಷ್ಟು ರಭಸದಲ್ಲಿ ನುಗ್ಗುತ್ತದೆ. ಕೊಳವೆ ಪೂರ್ತಿ ತುಂಬಿದ ಕ್ಷಣ ಸೈಫನ್ ಹಿಡಿದುಕೊಳ್ಳುತ್ತದೆ. ಅಲ್ಲಿಯವರೆಗೆ ಅಂಚಿನಿಂದ ಚೆಲ್ಲುತ್ತಿದ್ದ ನೀರು ಈಗ ಕಟ್ಟೆಯ ಬುಡದವರೆಗಿನ ಇಳಿತದ ಬಲವನ್ನೆಲ್ಲ ಪಡೆದು ಆಚೆಗೆ ಚಿಮ್ಮುತ್ತದೆ.

ನಿಲ್ಲಿಸುವುದು ಹೇಗೆ? ಮಲೆನಾಡಿನ ತೋಟಿಗರಿಗೆ ಇದನ್ನು ವಿವರಿಸಬೇಕಿಲ್ಲ. ಗುಡ್ಡದ ಅಬ್ಬಿಯಿಂದ ಮನೆಯ ಹಂಡೆಗೆ ಪೈಪು ಎಳೆದವರೆಲ್ಲ ಒಂದಲ್ಲ ಒಂದು ದಿನ ‘ಪೈಪಿಗೆ ಗಾಳಿ ಹಿಡಿದಿದೆ’ ಎಂದು ಗೊಣಗುತ್ತ ಗುಡ್ಡ ಹತ್ತಿದವರೇ. ನಮಗೆ ಕಾಟವಾದ ಆ ಗಾಳಿಯನ್ನು ಅಯ್ಯರ್ ಕೆಲಸಕ್ಕೆ ಹಚ್ಚಿದರು. ಜಲಾಶಯ ಎಷ್ಟಕ್ಕೆ ನಿಲ್ಲಬೇಕೋ ಆ ಮಟ್ಟದಲ್ಲಿ ಗುಮ್ಮಟಕ್ಕೊಂದು ಗಾಳಿದಾರಿ ಇಟ್ಟರು. ನೀರು ಅದಕ್ಕಿಂತ ತಗ್ಗಿದೊಡನೆ ಗಾಳಿ ಒಳನುಗ್ಗಿ ಸೈಫನ್ ಕಡಿದುಹೋಗುತ್ತದೆ. ತುಂಬಿದರೆ ತಾನೇ ಶುರು, ಇಳಿದರೆ ತಾನೇ ಬಂದ್. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದಲ್ಲೂ ಇಂಥ ಸ್ವಯಂಚಾಲಿತ ಸೈಫನ್ ಇದೆ. ಅದು ಕೋಡಿ ಬಿದ್ದ ವರ್ಷ ನೋಡಲು ಜನ ಮುಗಿಬೀಳುತ್ತಾರೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದ ನೀರು ದಿನಗಟ್ಟಲೆ ಹೊಳೆಪಾಲಾಯಿತು. ಆ ವಾರ ನನಗೆ ಪದೇ ಪದೇ ನೆನಪಾದದ್ದು ಮಡೆನೂರಿನ ಗುಮ್ಮಟಗಳು. ಹಾಗೆಂದು ಸೈಫನ್ನನ್ನು ತಲೆಮೇಲೆ ಹೊತ್ತು ಮೆರೆಸಬೇಕಿಲ್ಲ. ಗೇಟಿದ್ದರೆ, ಮೇಲಿನ ಘಟ್ಟದಲ್ಲಿ ಮಳೆ ಜೋರು ಎಂದು ಗೊತ್ತಾದಾಗ ಮುಂಚಿತವಾಗಿಯೇ ನೀರು ಬಿಟ್ಟು ಜಾಗ ಮಾಡಿಕೊಳ್ಳಬಹುದು. ಸೈಫನ್ನಿಗೆ ಆ ಮುಂದಾಲೋಚನೆ ಇಲ್ಲ, ತುಂಬುವವರೆಗೆ ಅದು ಕಣ್ಣು ಬಿಡುವುದಿಲ್ಲ. ಹಿಡಿದುಕೊಂಡರೆ ಒಮ್ಮೆಗೇ ಕಕ್ಕುತ್ತದೆ, ಕೆಳಗಿನ ಹೊಳೆ ತಟಕ್ಕನೆ ಏರುತ್ತದೆ. ಬಾಯಿಗೆ ಕೊಂಬೆ, ಕಸ ಸಿಕ್ಕಿಕೊಂಡರಂತೂ ಪಜೀತಿ.

ಇಷ್ಟೆಲ್ಲ ಜಾಣತನದ ಅಣೆಕಟ್ಟೆ ದುಡಿದದ್ದು ಹದಿನಾರು ವರ್ಷ ಮಾತ್ರ. ರಾಜ್ಯ ದೊಡ್ಡದಾಯಿತು, ಕಾರ್ಖಾನೆಗಳು ಬಂದವು, 120 ಮೆಗಾವಾಟ್ ಸಾಲದಾಯಿತು. ಇದೇ ಹೊಳೆಗೆ ಇನ್ನೂ ಕೆಳಗೆ, ಜೋಗದ ಹತ್ತಿರಕ್ಕೆ, ಲಿಂಗನಮಕ್ಕಿಯಲ್ಲಿ ಹೊಸ ಕಟ್ಟೆ ಎದ್ದಿತು. ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಸಂಗ್ರಹ ಸುಮಾರು 151 ಟಿಎಂಸಿ. 1964ರಲ್ಲಿ ಅದರ ನೀರು ಹಿಂದೆ ಹಿಂದೆ ಸರಿಯುತ್ತ ಬಂದು ಮಡೆನೂರಿನ ಕಟ್ಟೆಯನ್ನು ಹತ್ತಿ ಮುಳುಗಿಸಿತು. ಹೊಸ ಕಟ್ಟೆಯಲ್ಲಿ ಇರುವುದು ಗೇಟುಗಳು. ಅವೂ 11 ಎಂಬುದು ಕಾಕತಾಳೀಯ.

ಮುಳುಗಿದ್ದು ಕಟ್ಟೆ ಒಂದೇ ಅಲ್ಲ. ಸುಮಾರು 300 ಚದರ ಕಿಲೊಮೀಟರಿನಷ್ಟು ನೆಲ, ಅದರಲ್ಲಿದ್ದ ಊರು, ಗದ್ದೆ, ಅಡಿಕೆ ತೋಟ, ತೋಟಕ್ಕೆ ಸೊಪ್ಪು ಕೊಡುತ್ತಿದ್ದ ಬೆಟ್ಟ ಎಲ್ಲವೂ ಹೋದವು. ಮಡೆನೂರು ಕಟ್ಟಿದಾಗ ಒಮ್ಮೆ, ಲಿಂಗನಮಕ್ಕಿ ಕಟ್ಟಿದಾಗ ಇನ್ನೊಮ್ಮೆ, ಈ ಕಣಿವೆ ಎರಡು ಸಲ ಖಾಲಿಯಾಯಿತು. ಶಿವಮೊಗ್ಗ ಜಿಲ್ಲೆಯಲ್ಲಿ ‘ಮುಳುಗಡೆಯವರು’ ಎಂದರೆ ಯಾರೂ ಅರ್ಥ ಕೇಳುವುದಿಲ್ಲ. ಲಾರಿಯಲ್ಲಿ ತಂದು ಬೇರೆ ಕಾಡಿನಂಚಿಗೆ ಇಳಿಸಿದವರ ಮೊಮ್ಮಕ್ಕಳು ಇಂದಿಗೂ ಉಳುವ ಭೂಮಿಯ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಇವರ ಪಾಡನ್ನು ಹತ್ತಿರದಿಂದ ಕಂಡು ಕಾದಂಬರಿಗೆ ತಂದವರು ಸಾಗರದ ನಾ. ಡಿಸೋಜ. ಅವರಿದ್ದುದು ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿ. ಅಣೆಕಟ್ಟೆ ಕಟ್ಟುವವರ ಕಡೆಯ ಮೇಜಿನಲ್ಲಿ ಕೂತ ಮನುಷ್ಯ ‘ಮುಳುಗಡೆ’, ‘ದ್ವೀಪ’ಗಳನ್ನು ಬರೆದರು, ‘ದ್ವೀಪ’ ಗಿರೀಶ್ ಕಾಸರವಳ್ಳಿಯವರ ಕೈಯಲ್ಲಿ ಸಿನಿಮಾ ಆಯಿತು. ನೀರಿನಾಚೆ ಉಳಿದ ಊರುಗಳವರು ದಶಕಗಳ ಕಾಲ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದರು. ಸಿಗಂದೂರಿನ ಕಡೆಗೆ ಸೇತುವೆ ತೆರೆದದ್ದು 2025ರ ಜುಲೈನಲ್ಲಿ.

ಮುಂಗಾರು ಹಿಡಿದರೆ ಮಡೆನೂರಿಗೆ ಹೋಗುವ ಕೆಸರುದಾರಿ ಮೊದಲು ಮುಚ್ಚುತ್ತದೆ. ಮೇಲಿನಿಂದ ಹೊಳೆ ಬರುತ್ತದೆ, ಕೆಳಗಿನಿಂದ ಲಿಂಗನಮಕ್ಕಿಯ ನೀರು ಏರುತ್ತದೆ. ಗುಮ್ಮಟಗಳ ತಲೆ ಕೆಲವು ದಿನ ಹೊರಗೆ ಕಾಣುತ್ತಿರುತ್ತದೆ, ಆಮೇಲೆ ಅದೂ ಇಲ್ಲ. ಸೈಫನ್ ಹರಿಯಬೇಕಾದರೆ ಒಂದು ಕಡೆ ನೀರು ಎತ್ತರದಲ್ಲಿರಬೇಕು, ಇನ್ನೊಂದು ಕಡೆ ತಗ್ಗಿನಲ್ಲಿ. ಈಗ ಕಟ್ಟೆಯ ಎರಡೂ ಬದಿಗೆ ಒಂದೇ ಮಟ್ಟ.