ಎರೆಹುಳು ತಿಂದ ಕೆಸರು ಚಹಾ ಗಿಡಕ್ಕೆ ಆದೀತೆ?

ಚರಂಡಿ ಕೆಸರನ್ನು ಎರೆಹುಳು ಶುದ್ಧ ಮಾಡುತ್ತೆ ಅಂತೀವಲ್ಲ, ಅದು ಅರ್ಧ ಸತ್ಯ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ರಾಧಾ ಕಾಳೆಯವರು ಅಧ್ಯಯನ ಮಾಡಿದ ಯೂಡ್ರಿಲಸ್ ಆಗಲಿ, ಐಸೇನಿಯಾ ಆಗಲಿ, ಹಸಿ ಕೆಸರಿಗೆ ಬಿಟ್ಟರೆ ಅಮೋನಿಯಾಕ್ಕೆ ಸಾಯುತ್ತೆ. ಮೊದಲು ಕೆಸರನ್ನು ಆರಿಸಿ ಸಗಣಿ ಬೆರೆಸಬೇಕು. ಆಮೇಲೆ ಸಾವಯವ ಅಂಶ ಕರಗುತ್ತೆ, ರೋಗಾಣು ಇಳಿಯುತ್ತೆ. ಕ್ಯಾಡ್ಮಿಯಂ ಮಾತ್ರ ಎಲ್ಲೂ ಹೋಗಲ್ಲ. ಒಂದಷ್ಟು ಹುಳುವಿನ ಮೈಯಲ್ಲಿ ಮೆಟಲೋಥಯೋನಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತೆ (ಆ ಹುಳುವನ್ನು ಕೋಳಿಗೆ ಹಾಕಬೇಡಿ!), ಉಳಿದದ್ದು ಗೊಬ್ಬರದಲ್ಲೇ. ರಾಶಿ ಕುಗ್ಗಿದಂತೆ ಕಿಲೋಗೆ ಲೋಹದ ಪ್ರಮಾಣ ಏರಲೂಬಹುದು. ಹ್ಯೂಮಸ್ ಅದನ್ನು ಹಿಡಿದಿಟ್ಟಿರುತ್ತೆ, ಅಷ್ಟೇ.

ಚೇರಂಬಾಡಿಯ ಚಹಾ ತೋಟ ನೋಡಿದಾಗ ನನಗೆ ಆತಂಕ ಇಲ್ಲೇ. ಚಹಾಕ್ಕೆ ಹುಳಿ ಮಣ್ಣು ಬೇಕು, ಪಿಎಚ್ 4.5ರಿಂದ 5.5. ಆ ಹುಳಿಯಲ್ಲಿ ಕ್ಯಾಡ್ಮಿಯಂ ಮತ್ತೆ ಸಡಿಲವಾಗಿ ಬೇರಿಗೆ ಸಿಗಬಹುದು. ಹಾಗಾಗಿ ತೋಟದ ಮಣ್ಣಲ್ಲೇ ಬೆರೆಸಿ, ಕರಗುವ ಪಾಲು ಎಷ್ಟೆಂದು ಅಳೆಯದೆ ಒಂದು ಬುಟ್ಟಿಯನ್ನೂ ನಾನು ಒಪ್ಪಲ್ಲ.